ಸಾಲದ ಗಂಟು ಬಿಚ್ಚಿದ ಅರಸು

ಬಿತ್ತನೆಗೆ, ಮದುವೆಗೆ, ಕಾಯಿಲೆಗೆ ಸಾಹುಕಾರರ ಬಳಿ ಕೈಸಾಲ. ಅದಕ್ಕೆ ಅಡವಾಗಿ ಕಿವಿಯ ಓಲೆ, ಮನೆಯ ತಾಮ್ರದ ಹಂಡೆ. ಬಡ್ಡಿ ಬೆಳೆದರೆ ಹೊಲ, ಅದೂ ಸಾಲದಿದ್ದರೆ ಮಗ ಜೀತಕ್ಕೆ. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳವರೆಗೆ ನಡೆದ ಈ ಲೆಕ್ಕವನ್ನು ಕಾನೂನಿನಿಂದ ಮುರಿಯಲು ಹೊರಟವರು ಡಿ. ದೇವರಾಜ ಅರಸು.

1915ರ ಆಗಸ್ಟ್ 20ರಂದು ಹುಟ್ಟಿದ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪದವಿ ಓದಿಯೂ ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು. 1972ರಲ್ಲಿ ಮುಖ್ಯಮಂತ್ರಿಯಾದರು.

ಭೂಮಿ, ಜೀತ, ಸಾಲ ಈ ಮೂರೂ ಒಂದೇ ಗಂಟಿನ ಎಳೆಗಳು. ಒಂದನ್ನು ಬಿಚ್ಚಿದರೆ ಸಾಲದು. 1974ರ ಭೂಸುಧಾರಣೆ ಗೇಣಿದಾರನನ್ನು ಹೊಲದ ಒಡೆಯನನ್ನಾಗಿ ಮಾಡಲು ಹೊರಟಿತು. ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರೆ ಆಯಿತು. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಓದು ಬಾರದ ರೈತ, ಕಾನೂನು ಬಲ್ಲ ಜಮೀನ್ದಾರ ಇಬ್ಬರೂ ತಮ್ಮ ಮಾತು ತಾವೇ ಹೇಳಬೇಕಿತ್ತು. 1975ರಲ್ಲಿ ಕೇಂದ್ರ ಸರ್ಕಾರ ಜೀತ ಪದ್ಧತಿಯನ್ನು ರದ್ದು ಮಾಡಿತು. 1976ರಲ್ಲಿ ರಾಜ್ಯದ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂರಹಿತ ಕೂಲಿಗಳು, ದುರ್ಬಲ ವರ್ಗದವರು ಲೇವಾದೇವಿಯವರಿಗೆ ಕೊಡಬೇಕಿದ್ದ ಅಸಲು, ಬಡ್ಡಿ ಎರಡೂ ಮನ್ನಾ ಆದವು. ಅಡವಿಟ್ಟ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕಾಯಿತು. ಆ ಸಾಲಕ್ಕಾಗಿ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು.

ಆದರೆ ಕಾಯ್ದೆ ಅಳಿಸಿದ್ದು ಹಳೆಯ ಸಾಲವನ್ನು. ಮುಂದಿನ ಮುಂಗಾರಿಗೆ ಬೀಜ, ಗೊಬ್ಬರಕ್ಕೆ ಹಣ ಎಲ್ಲಿಂದ ಬರಬೇಕು? ಸಾಹುಕಾರ ಬಾಗಿಲು ಹಾಕಿದ ಊರಿನಲ್ಲಿ ಬ್ಯಾಂಕಿನ ಬಾಗಿಲು ತೆರೆಯದಿದ್ದರೆ, ಬಡವ ಮತ್ತೆ ಕದ್ದುಮುಚ್ಚಿ ಅದೇ ಸಾಹುಕಾರನ ಮನೆಗೆ ಹೋಗಬೇಕು. ಗ್ರಾಮೀಣ ಬ್ಯಾಂಕುಗಳು ಅದೇ ಹೊತ್ತಿನಲ್ಲಿ ಹುಟ್ಟಿದ್ದು ಇದಕ್ಕಾಗಿಯೇ. ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಆರಂಭವಾದದ್ದೂ 1976ರಲ್ಲೇ. ಆದರೂ ಬ್ಯಾಂಕು ಎಲ್ಲರ ಮನೆಬಾಗಿಲಿಗೆ ಬರಲು ದಶಕಗಳೇ ಹಿಡಿದವು.

1980ರ ಜನವರಿಯಲ್ಲಿ ಅರಸು ಅಧಿಕಾರ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು. ಅವರು ಹಿಡಿದ ಕೆಲಸ ಮಾತ್ರ ಮುಗಿದಿಲ್ಲ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ರದ್ದು ಎಂಬ ಅದರ ಅಂಶ ಓದಿದಾಗ 1976 ನೆನಪಾಗದೆ ಇರದು.

ಈಗ ಸಾಹುಕಾರ ನಮ್ಮ ಮೊಬೈಲಿನೊಳಗೇ ಕುಳಿತಿದ್ದಾನೆ. ಓಲೆಯ ಬದಲು ನಮ್ಮ ಫೋಟೊ, ಸ್ನೇಹಿತರ ನಂಬರುಗಳನ್ನು ಅಡವು ಕೇಳುತ್ತಾನೆ. ಕೆಲಸ ಸಿಗುವ ಮುನ್ನ ಐದು ಸಾವಿರ ಬೇಕೆನಿಸಿದಾಗ ಒತ್ತುವ ಒಂದು ಬಟನ್ ಸಾಕು. ಒತ್ತುವ ಮೊದಲು, ಸಾಲ ಕೊಡುವವರು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತರೇ ಎಂದು ನೋಡೋಣ. ಕಾನೂನು ಬಂದು ಬಿಡಿಸುವವರೆಗೆ ಕಾಯುವುದಕ್ಕಿಂತ ಸಿಕ್ಕಿಬೀಳದಿರುವುದೇ ಲೇಸು.