ಸೌರಜ್ವಾಲೆಯನ್ನು ಮೊದಲು ಕಂಡ ಕ್ಯಾರಿಂಗ್ಟನ್: ರಾತ್ರಿ ಮೊಬೈಲ್ ಆಫ್ ಮಾಡಬೇಕೇ?

ರಾತ್ರಿ 12.30ರಿಂದ 3.30ರವರೆಗೆ ಆಕಾಶದಿಂದ ಅಪಾಯಕಾರಿ ಕಿರಣ ಬರುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಡಿ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಈಚೆಗೆ ಅದಕ್ಕೆ ಸೌರ ಬಿರುಗಾಳಿಯ ಹೆಸರೂ ಸೇರಿಕೊಂಡಿದೆ. ಸೌರಜ್ವಾಲೆ ಸುಳ್ಳಲ್ಲ. ಅದನ್ನು ಮೊದಲು ಕಂಡವರ ಕಥೆ ತಿಳಿದರೆ ಈ ಸಂದೇಶದಲ್ಲಿ ಎಷ್ಟು ಹುರುಳಿದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ರಿಚರ್ಡ್ ಕ್ಯಾರಿಂಗ್ಟನ್ ಹುಟ್ಟಿದ್ದು 1826ರಲ್ಲಿ, ಲಂಡನ್ನಿನಲ್ಲಿ. ತಂದೆಯದು ಬಿಯರ್ ತಯಾರಿಸುವ ಕಾರ್ಖಾನೆ. ಮಗ ಪಾದ್ರಿಯಾಗಲಿ ಎಂದು ಕೇಂಬ್ರಿಜ್‌ಗೆ ಕಳಿಸಿದರೆ, ಅವರು ನಕ್ಷತ್ರಗಳ ಬೆನ್ನು ಹತ್ತಿದರು. ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಆದರೆ ಉಪಕರಣ ಸಾಲದು ಎಂದು ಬಿಟ್ಟುಬಂದು, ರೆಡ್‌ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿದರು. ಮನೆಯಲ್ಲಿ ದುಡ್ಡಿತ್ತು, ಅದನ್ನು ಮರೆಯುವಂತಿಲ್ಲ.

ರಾತ್ರಿ ನಕ್ಷತ್ರ, ಹಗಲು ಸೂರ್ಯ. 1853ರ ನವೆಂಬರ್‌ನಿಂದ 1861ರ ಮಾರ್ಚ್‌ವರೆಗೆ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಗುರುತು ಹಾಕುತ್ತಲೇ ಇದ್ದರು. ಸೂರ್ಯ ಗಟ್ಟಿ ಚೆಂಡಿನಂತೆ ತಿರುಗುವುದಿಲ್ಲ, ನಡುಭಾಗ ಬೇಗ ತಿರುಗುತ್ತದೆ, ಧ್ರುವಗಳ ಕಡೆ ಹೋದಂತೆ ನಿಧಾನ ಎಂಬುದು ಈ ಕಲೆಗಳ ಲೆಕ್ಕದಿಂದಲೇ ಹೊರಬಿತ್ತು.

1859ರ ಸೆಪ್ಟೆಂಬರ್ 1, ಬೆಳಿಗ್ಗೆ 11.18. ದೂರದರ್ಶಕದಿಂದ ಬಿದ್ದ ಸೂರ್ಯನ ಬಿಂಬ ಹಲಗೆಯ ಮೇಲೆ 11 ಇಂಚು ಅಗಲವಿತ್ತು, ಹೆಚ್ಚುಕಡಿಮೆ ನಮ್ಮ ಜೋಳದ ರೊಟ್ಟಿಯಷ್ಟು. ಅದರಲ್ಲಿದ್ದ ದೊಡ್ಡ ಕಲೆಗಳ ಗುಂಪನ್ನು ಅವರು ಬರೆದುಕೊಳ್ಳುತ್ತಿದ್ದಾಗ ಎರಡು ಕಡೆ ಕಣ್ಣು ಕೋರೈಸುವ ಬಿಳಿ ಬೆಳಕು ಹೊತ್ತಿಕೊಂಡಿತು. ಪರದೆಯಲ್ಲಿ ತೂತು ಬಿದ್ದಿರಬೇಕೆಂದು ಮೊದಲು ಅದನ್ನೇ ಪರೀಕ್ಷಿಸಿದರು. ತೂತಲ್ಲ ಎಂದು ಖಾತ್ರಿಯಾದ ಮೇಲೆ ಸಾಕ್ಷಿಗೆ ಯಾರನ್ನಾದರೂ ಕರೆಯಲು ಓಡಿದರು. ನಿಮಿಷದೊಳಗೆ ಮರಳುವಷ್ಟರಲ್ಲಿ ಬೆಳಕು ಕುಗ್ಗಿತ್ತು, 11.23ಕ್ಕೆ ಪೂರ್ತಿ ಮಾಯ. ಅದೃಷ್ಟಕ್ಕೆ ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬರು ಬೇರೆ ಊರಿನಿಂದ ಅದನ್ನೇ ಕಂಡಿದ್ದರು. ಇಲ್ಲದಿದ್ದರೆ ನಂಬುವವರು ಕಡಿಮೆಯೇ.

ಸುಮಾರು ಹದಿನೇಳೂವರೆ ಗಂಟೆಗಳ ನಂತರ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಕ್ಯೂಬಾದವರೆಗೂ ಧ್ರುವಪ್ರಭೆ ಕಂಡಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವೆ ಬ್ಯಾಟರಿ ಕಳಚಿಟ್ಟೇ ಟೆಲಿಗ್ರಾಫ್ ನಡೆಸಿದರು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ, ಅಂದರೆ ಮುಂಬಯಿ ಪ್ರಾಂತದಲ್ಲಿ. ಆ ಪ್ರಾಂತದ ರಾಜಧಾನಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಸೂಚಿಯನ್ನು ಕಣ್ಣಳತೆಯಲ್ಲಿ ಓದಿ ಬರೆಯುತ್ತಿದ್ದವರು ಸುಮಾರು 1,600 ನ್ಯಾನೋಟೆಸ್ಲಾ ಕುಸಿತ ದಾಖಲಿಸಿದರು. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಇಂದಿನ ವಿಜ್ಞಾನಿಗಳು ಅಂದಾಜು ಮಾಡುವುದು ಈ ಬರಹದ ಆಧಾರದಿಂದಲೇ.

ಜ್ವಾಲೆಗೂ ಬಿರುಗಾಳಿಗೂ ನಂಟಿದೆ ಎಂದು ಕ್ಯಾರಿಂಗ್ಟನ್ ಘಂಟಾಘೋಷವಾಗಿ ಹೇಳಲಿಲ್ಲ. ಒಂದೇ ಘಟನೆ ಸಾಲದು ಎಂಬ ಎಚ್ಚರ ಅವರದು. ಫಾರ್ವರ್ಡ್ ಒತ್ತುವ ಮುನ್ನ ನಮಗೂ ಅಷ್ಟು ಎಚ್ಚರವಿದ್ದರೆ ಚೆನ್ನ.

ಮುಂದಿನ ಬದುಕು ಸುಖದ್ದಲ್ಲ. 1858ರಲ್ಲಿ ತಂದೆ ತೀರಿಕೊಂಡು ಕಾರ್ಖಾನೆಯ ಹೊರೆ ಹೆಗಲೇರಿತ್ತು. ಕೇಂಬ್ರಿಜ್ ವೀಕ್ಷಣಾಲಯದ ಹುದ್ದೆ ಕೈತಪ್ಪಿತು. ರೆಡ್‌ಹಿಲ್ ಮಾರಿದರು. 1875ರ ನವೆಂಬರ್‌ನಲ್ಲಿ ಹೆಂಡತಿ ತೀರಿಕೊಂಡರು. ಅದಾದ ಹತ್ತೇ ದಿನಕ್ಕೆ, 49ನೇ ವಯಸ್ಸಿನಲ್ಲಿ, ಅವರೂ ಹೋದರು.

ಈಗ ಮೊಬೈಲ್ ವಿಷಯ. ಜ್ವಾಲೆ ಏಳುವುದು ಕಾಂತಕ್ಷೇತ್ರ ಸಿಕ್ಕುಸಿಕ್ಕಾಗಿ ಹೆಣೆದುಕೊಂಡ ಕಲೆಗಳ ಗುಂಪಿನಲ್ಲಿ. ಅದರ ಕ್ಷ-ಕಿರಣ ಎಂಟು ನಿಮಿಷದಲ್ಲಿ ಭೂಮಿಗೆ ತಲುಪಿ ಶಾರ್ಟ್‌ವೇವ್ ರೇಡಿಯೋ ಕೆಡಿಸುತ್ತದೆ, ಅದೂ ಹಗಲಿರುವ ಕಡೆ ಮಾತ್ರ. ನಡುರಾತ್ರಿ ನಮಗೂ ಸೂರ್ಯನಿಗೂ ನಡುವೆ ಇಡೀ ಭೂಮಿಯೇ ಅಡ್ಡ ಇರುತ್ತದೆ. ನಂತರ ಬರುವ ಕಾಂತೀಯ ಬಿರುಗಾಳಿ ಹಗಲುರಾತ್ರಿ ನೋಡುವುದಿಲ್ಲ, ನಿಜ. ಆದರೆ ಅದು ಕರೆಂಟ್ ಹರಿಸುವುದು ನೂರಾರು ಕಿ.ಮೀ. ಉದ್ದದ ತಂತಿಗಳಲ್ಲಿ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ಯುಬೆಕ್‌ನಲ್ಲಿ ಒಂಬತ್ತು ಗಂಟೆ ವಿದ್ಯುತ್ ಹೋದದ್ದು ಹೀಗೆ. ಅಂಗೈಯಗಲದ ಫೋನಿನಲ್ಲಿ ಅಷ್ಟು ಉದ್ದದ ತಂತಿ ಎಲ್ಲಿದೆ? 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಕೆಂಪು ಪ್ರಭೆ ಕಂಡಿತು, ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತುವ ಟ್ರ್ಯಾಕ್ಟರ್‌ಗಳು ದಾರಿ ತಪ್ಪಿದವು. ಫೋನ್ ಆಫ್ ಮಾಡುವುದರಿಂದ ಇದ್ಯಾವುದೂ ತಪ್ಪುವುದಿಲ್ಲ.

ಕಲೆಗಳನ್ನು ನೀವೂ ನೋಡಬಹುದು, ಆದರೆ ನೇರವಾಗಿ ಬೇಡ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು ಯಾವುದೂ ಕಣ್ಣು ಕಾಯುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವ ಬಿಸಿಲಿದ್ದರೆ, ಶಾಲೆಯ ಸಣ್ಣ ದೂರದರ್ಶಕದಿಂದ ಮೇಷ್ಟ್ರ ಸಮ್ಮುಖದಲ್ಲಿ ಬಿಳಿ ರಟ್ಟಿನ ಮೇಲೆ ಬಿಂಬ ಬೀಳಿಸಿ. ದಿನಾ ಒಂದೇ ಹೊತ್ತಿಗೆ ಗುರುತು ಹಾಕಿದರೆ, ದೊಡ್ಡ ಕಲೆಯೊಂದು ಸುಮಾರು ಹದಿಮೂರು ದಿನಗಳಲ್ಲಿ ಈ ಅಂಚಿನಿಂದ ಆ ಅಂಚಿಗೆ ದಾಟುವುದು ಕಾಣುತ್ತದೆ. ಕ್ಯಾರಿಂಗ್ಟನ್ ಹೆಸರಿನಲ್ಲಿ ವಿಜ್ಞಾನಿಗಳು ಈ ಸುತ್ತುಗಳನ್ನು 1853ರಿಂದ ಎಣಿಸುತ್ತಿದ್ದಾರೆ. 2025ರಲ್ಲಿ ಆ ಎಣಿಕೆ 2,300 ದಾಟಿತು.