ಮನೆಯೊಂದರಿಂದ ಹೊರಟ ಆಕಾಶವಾಣಿ

ಡಾ. ಎಂ.ವಿ. ಗೋಪಾಲಸ್ವಾಮಿ (1896–1957)

ಮಕ್ಕಳೇ, ಶಿವಾಜಿನಗರ ಬಸ್ ನಿಲ್ದಾಣದಿಂದ ವಿಧಾನಸೌಧದ ಕಡೆಗೆ ಹೋಗುವಾಗ ರಾಜಭವನ ರಸ್ತೆಯನ್ನು ನೀವು ನೋಡಿರಬಹುದು. ಆ ರಸ್ತೆಯಲ್ಲಿ ಆಕಾಶವಾಣಿಯ ಬೆಂಗಳೂರು ಕೇಂದ್ರವಿದೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ಮನೆಗಳಲ್ಲಿ ನಿಮ್ಮ ಅಜ್ಜ ಅಜ್ಜಿಯರು ಬೆಳಗಿನ ಕಾಫಿಯ ಜೊತೆ ಕೇಳುತ್ತಿದ್ದ ವಾರ್ತೆ, ಹಾಡು, ನಾಟಕಗಳೆಲ್ಲ ಈ ಕೇಂದ್ರದಿಂದಲೇ ಬರುತ್ತಿದ್ದವು.

ಶಾಲೆಗಳಿಗೆ ಹೋದಾಗ ನಾನು ಮಕ್ಕಳನ್ನು ಒಂದು ಪ್ರಶ್ನೆ ಕೇಳುವುದುಂಟು. ಆಕಾಶವಾಣಿ ಎಂಬ ಹೆಸರು ಎಲ್ಲಿಂದ ಬಂತು? ಹೆಚ್ಚಿನವರು ದೆಹಲಿ ಎನ್ನುತ್ತಾರೆ. ಆದರೆ ನಮ್ಮ ನಾಡಿನಲ್ಲಿ ಈ ಹೆಸರಿನ ಬಾನುಲಿ ಕೇಂದ್ರ ಮೊದಲು ಮಾತನಾಡಿದ್ದು ದೆಹಲಿಯಿಂದಲ್ಲ, ಮೈಸೂರಿನ ಒಬ್ಬ ಕಾಲೇಜು ಅಧ್ಯಾಪಕರ ಮನೆಯಿಂದ. ಅವರು ಎಂಜಿನಿಯರ್ ಆಗಿರಲಿಲ್ಲ, ಭೌತಶಾಸ್ತ್ರದ ಮೇಷ್ಟರೂ ಅಲ್ಲ. ಅವರು ಕಲಿಸುತ್ತಿದ್ದ ವಿಷಯ ಮನಃಶಾಸ್ತ್ರ. ಅವರೇ ಡಾ. ಎಂ.ವಿ. ಗೋಪಾಲಸ್ವಾಮಿ.

ಕನ್ನಡಿಯೊಳಗಿನ ನಕ್ಷತ್ರ

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಹೆಚ್ಚಿನ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೋಗಿ ಅಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಹೆಸರಾಂತ ಮನಃಶಾಸ್ತ್ರಜ್ಞರ ಬಳಿ ಸಂಶೋಧನೆ ನಡೆಸಿದರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆ ಎಂಬುದು ಸ್ಪಿಯರ್‌ಮನ್‌ರ ಮುಖ್ಯ ಆಸಕ್ತಿಯಾಗಿತ್ತು.

ಗೋಪಾಲಸ್ವಾಮಿಯವರ ಒಂದು ಪ್ರಯೋಗವನ್ನು ನೀವೂ ಮಾಡಬಹುದು. ಕಾಗದದ ಮೇಲೆ ಒಂದು ನಕ್ಷತ್ರದ ಚಿತ್ರ ಬರೆಯಿರಿ. ಅದರ ಮುಂದೆ ಒಂದು ಕನ್ನಡಿ ನಿಲ್ಲಿಸಿ. ನಿಮ್ಮ ಕೈ ನೇರವಾಗಿ ಕಾಣದಂತೆ ಮೇಲೊಂದು ಪುಸ್ತಕ ಅಡ್ಡ ಹಿಡಿಯಲು ಗೆಳೆಯನಿಗೆ ಹೇಳಿ. ಈಗ ಕನ್ನಡಿಯನ್ನು ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಿ. ಕೈ ಒಂದು ಕಡೆಗೆ ಎಳೆದರೆ ಗೆರೆ ಇನ್ನೊಂದು ಕಡೆಗೆ ಹೋಗುತ್ತದೆ! ಹತ್ತು ಸಲ ಮಾಡುವ ಹೊತ್ತಿಗೆ ಕೈ ಪಳಗುತ್ತದೆ. ಹೀಗೆ ಕೈ ಕಲಿಯುವ ಬಗೆಗೂ ಬುದ್ಧಿಗೂ ಏನು ಸಂಬಂಧ ಎಂಬುದೇ ಅವರ ಅಧ್ಯಯನದ ವಿಷಯ. ಈ ಕುರಿತ ಅವರ ಪ್ರಬಂಧ 1924ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಆಗ ಬ್ರಜೇಂದ್ರನಾಥ ಸೀಲ್ ಅವರು ಕುಲಪತಿಗಳಾಗಿದ್ದರು. ಕಲ್ಕತ್ತದ ನಂತರ ಇದು ದೇಶದ ಎರಡನೆಯ ಮನಃಶಾಸ್ತ್ರ ವಿಭಾಗ. ಅದನ್ನು ಕಟ್ಟಿದವರು ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಅವರು ಮನಸ್ಸಿನ ಅಧ್ಯಯನಕ್ಕೆ ಪ್ರಯೋಗವನ್ನು ತಂದರು. ಮನಸ್ಸಿನ ಬಗ್ಗೆ ಕೇವಲ ಯೋಚಿಸಿದರೆ ಸಾಲದು, ಉಪಕರಣ ಹಿಡಿದು ಅಳೆಯಬೇಕು ಎಂಬುದು ಈ ಹೊಸ ವಿಜ್ಞಾನದ ದಾರಿಯಾಗಿತ್ತು.

ತಂತಿಯಿಲ್ಲದೆ ಮಾತು

ಆ ಕಾಲದಲ್ಲಿ ಲೋಕವನ್ನೆಲ್ಲ ಬೆರಗುಗೊಳಿಸಿದ್ದ ಉಪಕರಣ ರೇಡಿಯೋ. ನಮ್ಮ ದೇಶದ ಜಗದೀಶಚಂದ್ರ ಬೋಸರು 1895ರಲ್ಲೇ ಕಲ್ಕತ್ತದಲ್ಲಿ ಗೋಡೆಯ ಆಚೆಗೆ ವಿದ್ಯುತ್ಕಾಂತೀಯ ಅಲೆಗಳನ್ನು ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದರು. 1920ರ ನಂತರ ಸಂಕೇತದ ಜೊತೆಗೆ ಮಾತು, ಸಂಗೀತಗಳೂ ಅಲೆಯೇರಿ ಹೊರಟವು.

ಭಾರತದಲ್ಲಿ ಈ ಕೆಲಸ ಮೊದಲು ಕೈಗೆತ್ತಿಕೊಂಡವರು ಹವ್ಯಾಸಿಗಳು. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತದಲ್ಲಿ, 1924ರಲ್ಲಿ ಮದ್ರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಪ್ರಸಾರ ಆರಂಭಿಸಿದವು. ಮದ್ರಾಸಿನ ಕ್ಲಬ್ಬು ಹಣದ ಮುಗ್ಗಟ್ಟಿನಿಂದ 1927ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ದೊಡ್ಡ ಸಂಸ್ಥೆ ಮುಂಬಯಿಯಲ್ಲಿ, ಆನಂತರ ಕಲ್ಕತ್ತದಲ್ಲಿ ಕೇಂದ್ರ ತೆರೆಯಿತು. ಪ್ರತಿ ಕೇಂದ್ರದ ಶಕ್ತಿ 1,500 ವ್ಯಾಟ್. ಆಗ ರೇಡಿಯೋ ಇಟ್ಟುಕೊಳ್ಳಲು ವರ್ಷಕ್ಕೆ 10 ರೂಪಾಯಿ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಇಡೀ ದೇಶದಲ್ಲಿ ಹಾಗೆ ಕಟ್ಟಿದವರ ಸಂಖ್ಯೆ 8 ಸಾವಿರ ಕೂಡ ಮುಟ್ಟಲಿಲ್ಲ. ಮೂರು ವರ್ಷ ತುಂಬುವ ಮೊದಲೇ, 1930ರಲ್ಲಿ, ಕಂಪನಿ ಮುಳುಗಿತು. ಕೇಂದ್ರಗಳನ್ನು ಸರಕಾರ ವಹಿಸಿಕೊಂಡಿತು.

ದೊಡ್ಡ ಕಂಪನಿಗೇ ಹೀಗಾದ ಮೇಲೆ ಒಬ್ಬ ಅಧ್ಯಾಪಕ ಆ ಕೆಲಸಕ್ಕೆ ಕೈಹಾಕುತ್ತಾನೆ ಎಂದರೆ ಯಾರಾದರೂ ನಗುತ್ತಿದ್ದರೇನೋ.

ವಿಠ್ಠಲ ವಿಹಾರದ ಕೇಂದ್ರ

1935ನೇ ಇಸವಿ, ಸೆಪ್ಟೆಂಬರ್ 10. ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಮನೆ ವಿಠ್ಠಲ ವಿಹಾರದಿಂದ ಬಾನುಲಿ ಪ್ರಸಾರ ಆರಂಭವಾಯಿತು. ಅಲ್ಲಿದ್ದ ಟ್ರಾನ್ಸ್‌ಮಿಟರ್, ಅಂದರೆ ಪ್ರಸಾರ ಯಂತ್ರದ ಶಕ್ತಿ ಕೇವಲ 30 ವ್ಯಾಟ್. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟ್ ಬಲ್ಬಿನ ಅರ್ಧದಷ್ಟು. ಮುಂಬಯಿ ಕಂಪನಿಯ ಯಂತ್ರದ ಐವತ್ತರಲ್ಲಿ ಒಂದು ಪಾಲು!

ಇಷ್ಟು ಚಿಕ್ಕ ಯಂತ್ರ ಕೆಲಸ ಮಾಡುವುದು ಹೇಗೆ? ಬನ್ನಿ, ಒಬ್ಬ ಗಾಯಕನ ದನಿಯ ಹಿಂದೆಯೇ ಹೋಗೋಣ.

ಗಾಯಕ ಮೈಕಿನ ಮುಂದೆ ಹಾಡುತ್ತಾನೆ. ದನಿ ಎಂದರೆ ಗಾಳಿಯ ಕಂಪನ. ಮೈಕಿನೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಗಾಳಿ ಕಂಪಿಸಿದಂತೆ ಅದೂ ಕಂಪಿಸುತ್ತದೆ. ಆ ಕಂಪನ ವಿದ್ಯುತ್ತಿನ ಏರಿಳಿತವಾಗುತ್ತದೆ. ಆದರೆ ಈ ಏರಿಳಿತ ತೀರಾ ದುರ್ಬಲ. ಅದನ್ನು ಹಿಗ್ಗಿಸಬೇಕು.

ಇಂದು ಆ ಕೆಲಸ ಮಾಡುವುದು ಟ್ರಾನ್ಸಿಸ್ಟರ್. ಅದನ್ನು ಕಂಡುಹಿಡಿದದ್ದು 1947ರಲ್ಲಿ. 1935ರಲ್ಲಿ ಇದ್ದದ್ದು ವಾಲ್ವ್. ಇದು ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ತಂತು ಕಾದಾಗ ಅಲ್ಲಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ಲೋಹದ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ಒಂದು ಜಾಲರಿ ಇರುತ್ತದೆ. ನಲ್ಲಿಯ ತಿರುಪನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿದರೂ ನೀರಿನ ಹರಿವು ಬಹಳ ಬದಲಾಗುತ್ತದಲ್ಲವೇ? ಹಾಗೆಯೇ ಜಾಲರಿಗೆ ಕೊಟ್ಟ ಸಣ್ಣ ಏರಿಳಿತ ಎಲೆಕ್ಟ್ರಾನ್ ಹರಿವಿನಲ್ಲಿ ದೊಡ್ಡ ಏರಿಳಿತವಾಗುತ್ತದೆ. ತಂತು ಕಾಯಬೇಕಾದ್ದರಿಂದಲೇ ಹಳೆಯ ವಾಲ್ವ್ ರೇಡಿಯೋಗಳು ಗುಂಡಿ ತಿರುಗಿಸಿದ ಕೂಡಲೇ ಮಾತನಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾಯಬೇಕಿತ್ತು.

ಹಿಗ್ಗಿದ ಈ ದನಿಯನ್ನು ಟ್ರಾನ್ಸ್‌ಮಿಟರ್ ತಾನೇ ಹುಟ್ಟಿಸಿದ ರೇಡಿಯೋ ಅಲೆಯ ಮೇಲೆ ಏರಿಸುತ್ತದೆ. ಎತ್ತಿನ ಗಾಡಿಯ ಮೇಲೆ ಮೂಟೆ ಹೇರಿದಂತೆ. ಆಂಟೆನಾದಿಂದ ಹೊರಟ ಅಲೆ ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಳುಗನ ರೇಡಿಯೋ ಗಾಡಿಯಿಂದ ಮೂಟೆಯನ್ನು ಮಾತ್ರ ಇಳಿಸಿಕೊಂಡು ಸ್ಪೀಕರಿಗೆ ಕೊಡುತ್ತದೆ.

30ರಿಂದ 250ಕ್ಕೆ

ಯಂತ್ರದಿಂದ ದೂರ ಹೋದಷ್ಟೂ ಅಲೆ ಹರಡಿ ತೆಳುವಾಗುತ್ತದೆ. ಸರಳವಾದ ಒಂದು ಲೆಕ್ಕವಿದೆ. ಎರಡು ಪಟ್ಟು ದೂರದಲ್ಲಿ ಅಷ್ಟೇ ಚೆನ್ನಾಗಿ ಕೇಳಿಸಬೇಕಾದರೆ ನಾಲ್ಕು ಪಟ್ಟು ಶಕ್ತಿ ಬೇಕು. ಮೂರು ಪಟ್ಟು ದೂರಕ್ಕೆ ಒಂಬತ್ತು ಪಟ್ಟು. ದೂರದ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಶಕ್ತಿಯ ಸಂಖ್ಯೆ ಸಿಗುತ್ತದೆ.

ಮುಂದೆ ಗೋಪಾಲಸ್ವಾಮಿಯವರು 250 ವ್ಯಾಟ್‌ನ ಯಂತ್ರ ತರಿಸಿದರು. 250ನ್ನು 30ರಿಂದ ಭಾಗಿಸಿ ನೋಡಿ. ಎಂಟು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ದೂರ ಎಷ್ಟು ಹೆಚ್ಚಿತು? ಮೂರು ಪಟ್ಟಿಗೂ ಸ್ವಲ್ಪ ಕಡಿಮೆ! ಶಕ್ತಿ ಎಂಟು ಪಟ್ಟಾದರೂ ದೂರ ಎಂಟು ಪಟ್ಟಾಗಲಿಲ್ಲ. ಬಾನುಲಿ ದುಬಾರಿಯ ಕೆಲಸ ಏಕೆ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಇನ್ನೂ ಒಂದು ಹಳ್ಳಿ ಆಚೆಗೆ ದನಿ ತಲುಪಿಸಲು ಹಣವನ್ನು ಬಹಳ ಸುರಿಯಬೇಕು.

ಯಂತ್ರ ಕೊಂಡರೆ ಮುಗಿಯಲಿಲ್ಲ. ವಿದ್ಯುತ್ತಿನ ಖರ್ಚು, ಸುಟ್ಟುಹೋದ ವಾಲ್ವುಗಳ ಬದಲಿ, ದಿನದಿನದ ನಿರ್ವಹಣೆ. ಹವ್ಯಾಸಕ್ಕೆ ಕೊಂಡ ಯಂತ್ರವನ್ನು ಬೇಸರವಾದಾಗ ಆರಿಸಿ ಮಲಗಬಹುದು. ಆದರೆ ಊರಿನ ಜನ ಹೊತ್ತಿಗೆ ಸರಿಯಾಗಿ ಕಿವಿಗೊಟ್ಟು ಕೂತಿದ್ದಾರೆ ಎಂದರೆ ಆರಿಸಲಾಗದು. ಹವ್ಯಾಸಕ್ಕೂ ಸೇವೆಗೂ ಇರುವ ವ್ಯತ್ಯಾಸ ಇದೇ.

ಗೋಪಾಲಸ್ವಾಮಿಯವರು ಹೆಚ್ಚಾಗಿ ಸ್ವಂತ ಹಣದಿಂದಲೇ ಕೇಂದ್ರ ನಡೆಸಿದರು. ಮೈಸೂರಿನ ನಗರಸಭೆಯೂ ನೆರವಾಯಿತು. ಕಾಲೇಜಿನ ಸಹೋದ್ಯೋಗಿ ನಾ. ಕಸ್ತೂರಿಯವರು ಜೊತೆಗೂಡಿ ದುಡಿದರು. ಇವರು ಚರಿತ್ರೆಯ ಅಧ್ಯಾಪಕರು, ಕನ್ನಡದ ಹೆಸರಾಂತ ಹಾಸ್ಯ ಸಾಹಿತಿ. ಈ ಕೇಂದ್ರವೇ ಆಕಾಶವಾಣಿ ಎಂದು ಹೆಸರಾಯಿತು. ದೊಡ್ಡ ಕಂಪನಿ ಮೂರು ವರ್ಷ ನಡೆಸಲಾಗದ ಕೆಲಸವನ್ನು ಈ ಮನೆ ಆರು ವರ್ಷಕ್ಕೂ ಮೀರಿ ನಡೆಸಿತು.

ಮನಃಶಾಸ್ತ್ರದ ಅಧ್ಯಾಪಕರಿಗೆ ರೇಡಿಯೋ ಏಕೆ ಬೇಕಿತ್ತು ಎಂದು ನೀವು ಕೇಳಬಹುದು. ಯೋಚಿಸಿ ನೋಡಿ. ರೇಡಿಯೋದ ಅರ್ಧ ಭಾಗ ಯಂತ್ರ. ಉಳಿದ ಅರ್ಧ ಕೇಳುವ ಮನಸ್ಸು. ಮುಖ ಕಾಣುವುದಿಲ್ಲ, ಕೈಸನ್ನೆ ಕಾಣುವುದಿಲ್ಲ. ಬರಿಯ ದನಿಯಿಂದ ಕೇಳುಗನ ಗಮನ ಹಿಡಿಯಬೇಕು. ಯಾರ ಕಿವಿಗೂ ಬೀಳದಿದ್ದರೆ 30 ವ್ಯಾಟ್ ಆದರೇನು, 30 ಸಾವಿರ ವ್ಯಾಟ್ ಆದರೇನು? ಗೋಪಾಲಸ್ವಾಮಿಯವರ ಕೇಂದ್ರ ಈ ಎರಡು ಅರ್ಧಗಳನ್ನೂ ಕೂಡಿಸಿತು.

ಒಪ್ಪಿಸಿದ ಕೈ

1942ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಈ ಕೇಂದ್ರವನ್ನು ವಹಿಸಿಕೊಂಡಿತು. ಆಗ ಜಯಚಾಮರಾಜ ಒಡೆಯರ್ ಮಹಾರಾಜರು. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾಯಿತು. ಮೈಸೂರಿನ ಪ್ರಸಾರವೇ ಬೆಂಗಳೂರಿಗೆ ಬಂತು. ಮೈಸೂರಿನಲ್ಲಿ ಮತ್ತೆ ಕೇಂದ್ರ ತೆರೆದದ್ದು 1974ರಲ್ಲಿ. ಅದು ಇರುವುದು ಯಾದವಗಿರಿಯಲ್ಲಿ, ಗೋಪಾಲಸ್ವಾಮಿಯವರ ಮನೆಯಿಂದ ಕೂಗಳತೆಯ ದೂರದಲ್ಲಿ.

1956–57ರ ಹೊತ್ತಿಗೆ ಆಲ್ ಇಂಡಿಯಾ ರೇಡಿಯೋ ಆಕಾಶವಾಣಿ ಎಂಬ ಹೆಸರನ್ನು ಇಡೀ ದೇಶಕ್ಕೆ ತೆಗೆದುಕೊಂಡಿತು. 1957ರಲ್ಲಿ ಗೋಪಾಲಸ್ವಾಮಿಯವರು ತೀರಿಕೊಂಡರು. 2023ರಿಂದ ಇಂಗ್ಲಿಷ್ ಪ್ರಸಾರದಲ್ಲೂ ಆಕಾಶವಾಣಿ ಎಂಬ ಹೆಸರನ್ನೇ ಬಳಸುತ್ತಾರೆ.

2000ರ ನಂತರದ ವರ್ಷಗಳಲ್ಲಿ ನಮ್ಮ ಸರಕಾರಿ ಶಾಲೆಗಳಲ್ಲಿ ರೇಡಿಯೋ ಪಾಠಗಳಿದ್ದವು. ಚಿಣ್ಣರ ಚುಕ್ಕಿ, ಕೇಳಿ ಕಲಿ ಎಂಬ ಕಾರ್ಯಕ್ರಮಗಳನ್ನು ನಿಮ್ಮ ಅಕ್ಕ ಅಣ್ಣಂದಿರು, ಪ್ರಾಯಶಃ ನಿಮ್ಮ ಅಪ್ಪ ಅಮ್ಮಂದಿರು, ತರಗತಿಯಲ್ಲಿ ಸಾಲಾಗಿ ಕೂತು ಕೇಳಿದ್ದಾರೆ. ಅವರು ಕೇಳಿದ್ದು ಇದೇ ಆಕಾಶವಾಣಿಯನ್ನು. ಒಬ್ಬ ಮೇಷ್ಟರ ಮನೆಯಿಂದ ಹೊರಟ ದನಿ ಎಪ್ಪತ್ತು ವರ್ಷಗಳ ಬಳಿಕ ಸಾವಿರಾರು ಶಾಲೆಗಳ ಒಳಗೆ ಬಂದು ಕೂತಿತ್ತು.

ಮನೆಯ ಹಳೆಯ ರೇಡಿಯೋ, ಕೆಟ್ಟ ಟಾರ್ಚು, ಸ್ಪೀಕರುಗಳನ್ನು ಬಿಚ್ಚಿ ನೋಡುವ ಆಸೆ ನಿಮ್ಮಲ್ಲಿ ಹಲವರಿಗೆ ಇರುತ್ತದೆ. ಒಳ್ಳೆಯ ಆಸೆ. ಹಿರಿಯರ ಅನುಮತಿ ಪಡೆದು, ವಿದ್ಯುತ್ ಸಂಪರ್ಕ ತಪ್ಪಿಸಿ, ಬಿಚ್ಚಿ ನೋಡಿ. ಮತ್ತೆ ಜೋಡಿಸಿ. ಅದು ಕೆಲಸ ಮಾಡಿತು ಎಂದಾದ ಮೇಲೆ ಗೋಪಾಲಸ್ವಾಮಿಯವರನ್ನು ನೆನೆದು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರಿಗೆ ಉಪಯೋಗವಾದೀತು?

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮೀಡಿಯಂ ವೇವ್ ಇರುವ ಒಂದು ರೇಡಿಯೋ, 1.5 ವೋಲ್ಟ್‌ನ ಒಂದು ಟಾರ್ಚ್ ಸೆಲ್, ಎರಡು ತುಂಡು ತಂತಿ, ಕಬ್ಬಿಣ ಉಜ್ಜುವ ಒಂದು ಅರ.

1. ರೇಡಿಯೋವನ್ನು ಮೀಡಿಯಂ ವೇವ್‌ಗೆ ತಿರುಗಿಸಿ, ಯಾವ ಕೇಂದ್ರವೂ ಕೇಳದ ಜಾಗದಲ್ಲಿ ನಿಲ್ಲಿಸಿ.
2. ಸೆಲ್ಲಿನ ಒಂದು ತುದಿಯಿಂದ ಬಂದ ತಂತಿಯನ್ನು ಅರಕ್ಕೆ ಬಿಗಿಯಿರಿ.
3. ಇನ್ನೊಂದು ತುದಿಯಿಂದ ಬಂದ ತಂತಿಯನ್ನು ರೇಡಿಯೋದ ಹತ್ತಿರ ಅರದ ಮೇಲೆ ಗೀರಿ. ಒತ್ತಿ ಹಿಡಿಯಬೇಡಿ, ಸೆಲ್ ಬಿಸಿಯಾಗುತ್ತದೆ.

ರೇಡಿಯೋದಲ್ಲಿ ಕರಕರ ಸದ್ದು ಕೇಳಿತೇ? ಅರದ ಹಲ್ಲುಗಳ ಮೇಲೆ ತಂತಿ ತಗುಲಿ ಬಿಡುವಾಗ ವಿದ್ಯುತ್ತು ಥಟ್ಟನೆ ಹರಿದು ನಿಲ್ಲುತ್ತದೆ. ಆಗ ರೇಡಿಯೋ ಅಲೆಗಳು ಹೊರಡುತ್ತವೆ. ಇದೇ ನಿಮ್ಮ ಪುಟ್ಟ ಪ್ರಸಾರ ಯಂತ್ರ. ರೇಡಿಯೋವನ್ನು ಒಂದೊಂದೇ ಗೇಣು ದೂರ ಸರಿಸುತ್ತಾ ಎಷ್ಟು ದೂರದವರೆಗೆ ಸದ್ದು ಕೇಳುತ್ತದೆ ಎಂದು ಬರೆದಿಡಿ.

ಎಚ್ಚರಿಕೆ: ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಈ ಪ್ರಯೋಗಕ್ಕೆ ಎಂದೂ ಬಳಸಬಾರದು.

ಲೆಕ್ಕ ಮಾಡಿ

ಬೆಂಗಳೂರು ಆಕಾಶವಾಣಿ ಬಹುಕಾಲ ಬಳಸಿದ ಮೀಡಿಯಂ ವೇವ್ ಆವರ್ತಾಂಕ 612 ಕಿಲೋಹರ್ಟ್ಸ್. 3,00,000ವನ್ನು 612ರಿಂದ ಭಾಗಿಸಿದರೆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಆ ಉದ್ದವನ್ನು ನಿಮ್ಮ ಶಾಲೆಯ ಆಟದ ಮೈದಾನದ ಉದ್ದದೊಂದಿಗೆ ಹೋಲಿಸಿ ನೋಡಿ.