ಸ್ಟಾರ್ಟರ್ ಡಬ್ಬಿಯಲ್ಲಿರುವ ಮೇಷ್ಟ್ರು

ದಬ್ಬೇಘಟ್ಟದ ಸುತ್ತ ತೆಂಗಿನ ತೋಟ ಇರುವವರೆಲ್ಲ ಆಗಾಗ ಒಬ್ಬ ಫ್ರೆಂಚ್ ಮೇಷ್ಟ್ರ ಹೆಸರು ಹೇಳುತ್ತಿರುತ್ತೇವೆ. ಮೋಟಾರ್ ಎಷ್ಟು ಆಂಪ್ಸ್ ಎಳೆಯುತ್ತಿದೆ ಎಂದು ಸ್ಟಾರ್ಟರ್ ಡಬ್ಬಿಯ ಮುಳ್ಳು ನೋಡುವಾಗ ನಾವು ನೆನೆಯುವುದು ಆಂಡ್ರೆ ಮೇರಿ ಆಂಪಿಯರ್ ಅವರನ್ನು. ಹತ್ತನೇ ತರಗತಿಯಲ್ಲಿ ವಿದ್ಯುತ್ತಿನ ಮಾನವೆಂದು ಬಾಯಿಪಾಠ ಮಾಡಿದ್ದ ಆ ಹೆಸರಿನ ಹಿಂದಿನ ಬದುಕು ನನಗೆ ತಿಳಿದದ್ದು ಇಂಜಿನಿಯರಿಂಗ್ ಮುಗಿದ ಮೇಲೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನು ಹಂಚಿಕೊಳ್ಳುತ್ತಿದ್ದೇನೆ.

ಆಂಪಿಯರ್ ಹುಟ್ಟಿದ್ದು 1775ರ ಜನವರಿ 20ರಂದು, ಲಿಯಾನ್ ನಗರದಲ್ಲಿ. ಬೆಳೆದದ್ದು ಹತ್ತಿರದ ಹಳ್ಳಿಯೊಂದರಲ್ಲಿ. ವ್ಯಾಪಾರಿಯಾಗಿದ್ದ ತಂದೆ ಮಗನನ್ನು ಶಾಲೆಗೆ ಕಳಿಸದೆ, ಮನೆಯ ಪುಸ್ತಕಗಳನ್ನೇ ಅವನ ಕೈಗೆ ಬಿಟ್ಟರು. ಗಣಿತದ ದೊಡ್ಡ ಗ್ರಂಥಗಳು ಲ್ಯಾಟಿನ್‌ನಲ್ಲಿದ್ದವು. ಅವನ್ನು ಓದಲೆಂದೇ ಹುಡುಗ ಆ ಭಾಷೆಯನ್ನು ಕಲಿತ.

1793ರಲ್ಲಿ, ಫ್ರೆಂಚ್ ಕ್ರಾಂತಿಯ ಗಲಭೆಯಲ್ಲಿ ತಂದೆಯ ಶಿರಚ್ಛೇದವಾಯಿತು. ಮಗನಿಗೆ ಆಗ 18 ವರ್ಷ. ಬಹಳ ಕಾಲ ಓದನ್ನೇ ಬಿಟ್ಟು ಮಂಕಾಗಿ ಕುಳಿತ ಅವರನ್ನು ಮತ್ತೆ ಲೋಕಕ್ಕೆ ಎಳೆದು ತಂದದ್ದು ಗಿಡಮರಗಳ ಶಾಸ್ತ್ರ. 1799ರಲ್ಲಿ ಮದುವೆಯಾಯಿತು. 1802ರಲ್ಲಿ, ಕಾಯಿಲೆಯ ಹೆಂಡತಿಯನ್ನು ಊರಲ್ಲೇ ಬಿಟ್ಟು, ಬೇರೆ ಊರಿಗೆ ಮೇಷ್ಟ್ರ ಕೆಲಸಕ್ಕೆ ಹೋದರು. ಮರುವರ್ಷವೇ ಆಕೆ ತೀರಿಕೊಂಡರು. ಮಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಆಂಪಿಯರ್ ಪ್ಯಾರಿಸ್ಸಿಗೆ ಹೋಗಿ ಪಾಠ ಮುಂದುವರಿಸಿದರು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿ, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಪ್ರಕಟಿಸಿದರು. ಸೆಪ್ಟೆಂಬರ್ 11ರಂದು ಆ ಪ್ರಯೋಗವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿ ತೋರಿಸಲಾಯಿತು. ಒಂದೇ ವಾರದಲ್ಲಿ, 18ರಂದು, 45 ವರ್ಷದ ಆಂಪಿಯರ್ ಅದಕ್ಕೆ ತಮ್ಮ ವಿವರಣೆಯೊಡನೆ ಅಲ್ಲಿಗೆ ಬಂದರು. ಮುಂದಿನ ದಿನಗಳಲ್ಲಿ ಅವರು ಅಕ್ಕಪಕ್ಕದ ಎರಡು ತಂತಿಗಳಿಂದ ಇನ್ನೊಂದು ಅಚ್ಚರಿ ತೋರಿಸಿದರು. ಎರಡರಲ್ಲೂ ವಿದ್ಯುತ್ ಒಂದೇ ದಿಕ್ಕಿಗೆ ಹರಿದರೆ ತಂತಿಗಳು ಒಂದನ್ನೊಂದು ಸೆಳೆಯುತ್ತವೆ, ಎದುರು ಬದುರಾಗಿ ಹರಿದರೆ ದೂರ ತಳ್ಳುತ್ತವೆ. ಅಲ್ಲಿ ಅಯಸ್ಕಾಂತದ ಚೂರೂ ಇರಲಿಲ್ಲ.

ವಿಷಯ ಇಷ್ಟೇ: ನಿಂತಿರುವ ವಿದ್ಯುದಾವೇಶಕ್ಕೆ ಕಾಂತಕ್ಷೇತ್ರವಿಲ್ಲ. ಅದು ಚಲಿಸಿದೊಡನೆ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ತಂತಿಯನ್ನು ಸುರುಳಿ ಸುತ್ತಿದರೆ ಆ ಬಲ ಒಟ್ಟುಗೂಡುತ್ತದೆ. ಅಯಸ್ಕಾಂತದ ಒಳಗೂ ಕಣ್ಣಿಗೆ ಕಾಣದ ಪುಟ್ಟ ವಿದ್ಯುತ್ ಸುಳಿಗಳಿವೆ ಎಂದು ಆಂಪಿಯರ್ ವಾದಿಸಿದರು. ಎಲೆಕ್ಟ್ರಾನಿನ ಪತ್ತೆಯಾದದ್ದು 1897ರಲ್ಲಿ, ಅವರು ಹೋಗಿ ಅರವತ್ತು ವರ್ಷದ ನಂತರ.

ನಮ್ಮ ಬೋರ್‌ವೆಲ್ ಮೋಟಾರಿನ ಕಾಯಿಲ್ ಮಾಡುವುದೂ ಇದನ್ನೇ. ತ್ರೀ ಫೇಸ್ ಕರೆಂಟು ಹರಿದಾಗ ಒಳಗೆ ಸುತ್ತುವ ಕಾಂತಕ್ಷೇತ್ರ ಹುಟ್ಟಿ ಶಾಫ್ಟನ್ನು ತಿರುಗಿಸುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದವು ಹೆಚ್ಚು ಆಂಪ್ಸ್ ಎಳೆದು ಕಾಯಿಲ್ ಸುಡುತ್ತದೆ. ರೀವೈಂಡಿಂಗ್ ಖರ್ಚು ನಮಗೆಲ್ಲ ಗೊತ್ತೇ ಇದೆ.

ಶಾಲೆಗೇ ಹೋಗದಿದ್ದ ಆಂಪಿಯರ್ ಕೊನೆಗೆ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಆಗಿದ್ದರು. 1836ರ ಜೂನ್ 10ರಂದು ತಪಾಸಣೆಗೆ ಹೋದ ಮಾರ್ಸೇಲ್ಸ್ ನಗರದಲ್ಲೇ ತೀರಿಕೊಂಡರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ವಿದ್ಯುತ್ ಪ್ರವಾಹದ ಮಾನಕ್ಕೆ ಅವರ ಹೆಸರಿಟ್ಟಿತು.

ಫೇಲಾದೆ, ತಡವಾಯಿತು, ಮನೆಯಲ್ಲಿ ಕಷ್ಟ ಎಂದು ಕುಗ್ಗಿರುವ ನಮ್ಮ ಶಾಲೆಯ ಮಕ್ಕಳು ತೋಟಕ್ಕೆ ಹೋದಾಗ ಆ ಮುಳ್ಳನ್ನೊಮ್ಮೆ ನೋಡಲಿ. ಎರಡು ಸಲ ಬದುಕು ನಿಂತುಹೋಗಿ, 45ರಲ್ಲಿ ಮತ್ತೆ ಹೊರಟ ಒಬ್ಬ ಮೇಷ್ಟ್ರು ಅಲ್ಲಿದ್ದಾರೆ.